ಶಾಲೆಯ ದಾರಿ ದಣಪೆಯಿಂದ ಶುರು

ನಡೆಯಲಾಗದ ಮಗುವೊಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಯಿಂದ ಶಾಲೆಗೆ ಹೋಗಿಬರಲು ಏನೇನು ಆಗಬೇಕು? ಕಾನೂನು ಕೊಟ್ಟಿರುವುದೇನು, ಮಳೆಗಾಲ ಕಿತ್ತುಕೊಳ್ಳುವುದೇನು, ಪಾಲಕರು ಯಾರಿಗೆ ಏನೆಂದು ಬರೆದುಕೊಡಬೇಕು?

ಘಟ್ಟದ ಮೇಲಿನ ಮನೆಗಳನ್ನು ಹಿರಿಯರು ರಸ್ತೆ ನೋಡಿ ಕಟ್ಟಲಿಲ್ಲ. ತೋಟ ನೋಡಿ, ನೀರು ನೋಡಿ ಕಟ್ಟಿದರು. ಅಡಿಕೆ ತೋಟ ಕಣಿವೆಯ ತಳದಲ್ಲಿ, ಮನೆ ಅದರ ಅಂಚಿನಲ್ಲಿ, ಬಸ್ಸು ಹೋಗುವ ರಸ್ತೆ ಎಲ್ಲೋ ಗುಡ್ಡದ ಮೇಲೆ. ಶಾಲೆಗೆ ಹೊರಟ ಮಗು ಜಗುಲಿಯ ಮೆಟ್ಟಿಲು ಇಳಿಯಬೇಕು, ಅಂಗಳ ದಾಟಬೇಕು, ದಣಪೆ ಹತ್ತಿ ಇಳಿಯಬೇಕು. ಹಳ್ಳ ಅಡ್ಡವಿದ್ದರೆ ಅಡಿಕೆ ಮರದ ಕಾಲುಸಂಕ. ಅದಾದ ಮೇಲೆ ಕೆಂಪು ಮಣ್ಣಿನ ಏರು, ದರೆಯ ಅಂಚಿನ ಕಾಲುದಾರಿ, ಕೊನೆಯಲ್ಲಿ ಡಾಂಬರು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಬೆಳೆದ ಯಾರಿಗೂ ಈ ದಾರಿ ಹೊಸದಲ್ಲ. ಗಟ್ಟಿ ಕಾಲಿನ ಮಕ್ಕಳು ಇದನ್ನು ಆಡುತ್ತಾಡುತ್ತಲೇ ಮುಗಿಸುತ್ತಾರೆ.

ಕಾಲು ಸ್ವಾಧೀನದಲ್ಲಿಲ್ಲದ ಮಗುವನ್ನು ಈ ದಾರಿಯಲ್ಲಿ ಯಾರಾದರೂ ಹೊರಬೇಕು. ಹೊರುತ್ತಾರೆ ಕೂಡ. ಒಂದನೇ ತರಗತಿಯಲ್ಲಿ ಅಪ್ಪನ ಹೆಗಲು, ಎರಡರಲ್ಲಿ ಅಮ್ಮನ ಸೊಂಟ, ಮೂರರಲ್ಲಿ ಅಣ್ಣನ ಬೆನ್ನು. ಮಗು ಹತ್ತು ವರ್ಷಕ್ಕೆ ಬರುವಾಗ ತೂಕ 25–30 ಕಿಲೊ. ಅಪ್ಪ ಕೊನೆಕೊಯ್ಲಿಗೋ ಕೂಲಿಗೋ ಹೋಗಬೇಕು, ಅಮ್ಮನಿಗೆ ಬೆನ್ನುನೋವು, ಅಣ್ಣ ಪೇಟೆಯ ಹೈಸ್ಕೂಲಿಗೆ ಸೇರಿದ್ದಾನೆ. ಶಾಲೆ ನಿಲ್ಲುವುದು ಆಗ. ಮಗುವಿಗೆ ಕಲಿಯಲು ಆಗದೆ ನಿಂತದ್ದಲ್ಲ, ಹೊರುವವರಿಲ್ಲದೆ ನಿಂತದ್ದು.

ಕಣ್ಣು ಕಾಣದ, ಕಿವಿ ಕೇಳದ, ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ವಿಶೇಷ ಕಲಿಸುವಿಕೆ ಬೇಕಾಗುತ್ತದೆ. ಅದಕ್ಕಾಗಿ ದುಡಿಯುವವರೂ ಈ ಭಾಗದಲ್ಲಿದ್ದಾರೆ: ಶಿರಸಿಯಲ್ಲಿ ಅಜಿತ ಮನೋಚೇತನಾ, ಸಿದ್ದಾಪುರದಲ್ಲಿ ಆಶಾಕಿರಣ ಟ್ರಸ್ಟಿನ ಅಂಧರ ಶಾಲೆ. ನಡೆಯಲಾಗದ ಮಗುವಿನ ವಿಷಯ ಬೇರೆ. ಬಹುಪಾಲು ಸಂದರ್ಭಗಳಲ್ಲಿ ಆ ಮಗುವಿಗೆ ಬೇರೆ ಪಠ್ಯ ಬೇಡ, ಬೇರೆ ಮೇಷ್ಟ್ರು ಬೇಡ, ಬೇರೆ ಶಾಲೆಯಂತೂ ಬೇಡವೇ ಬೇಡ. ಊರಿನ ಶಾಲೆಯೇ ಸಾಕು. ಅಲ್ಲಿಗೆ ತಲುಪಲು, ಒಳಗೆ ಹೋಗಲು, ಇಡೀ ದಿನ ಗೌರವದಿಂದ ಕೂರಲು ಅನುಕೂಲವಾಗಬೇಕು. ಇಷ್ಟು ಸರಳವಾದದ್ದು ಇಷ್ಟು ಕಷ್ಟವಾಗಿರುವುದೇ ಈ ಲೇಖನಕ್ಕೆ ಕಾರಣ.

ಯಾರು ಈ ಮಕ್ಕಳು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13,24,205 ವಿಕಲಚೇತನರಿದ್ದರು. ಅವರಲ್ಲಿ 2,71,982 ಮಂದಿಯದು ಚಲನೆಯ ತೊಂದರೆ. ಅದೇ ಗಣತಿಯಲ್ಲಿ ಉತ್ತರ ಕನ್ನಡದ ಜನಸಾಂದ್ರತೆ ಚದರ ಕಿಲೊಮೀಟರಿಗೆ 140. ರಾಜ್ಯದ ಸರಾಸರಿ 319. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಇಂಥ ಹತ್ತು ಮಕ್ಕಳ ಪಾಲಕರು ಒಟ್ಟಾಗಿ ಶಾಲೆಯ ಬಾಗಿಲಿಗೆ ಹೋಗಬಹುದು. ಇಲ್ಲಿ ಒಂದು ಮಜರೆಗೆ ಒಂದು ಮಗು, ನಡುವೆ ಎರಡು ಗುಡ್ಡ. ತಮ್ಮಂತೆಯೇ ಇನ್ನೊಂದು ಮನೆ ಇದೆ ಎಂಬುದೇ ಪಾಲಕರಿಗೆ ತಿಳಿದಿರುವುದಿಲ್ಲ. ಕೇಳುವ ದನಿ ಯಾವಾಗಲೂ ಒಂಟಿ.

‘ಕಾಲಿಲ್ಲದ ಮಗು’ ಎಂದು ಊರು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಆದರೆ ಕಾರಣ ತಿಳಿಯದೆ ಅನುಕೂಲ ಮಾಡಲಾಗದು. ಹಿಂದಿನ ತಲೆಮಾರಿನಲ್ಲಿ ಮುಖ್ಯ ಕಾರಣ ಪೋಲಿಯೊ. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೊ ವೈರಾಣುವಿನ ಪ್ರಕರಣ ಬರಲಿಲ್ಲ, 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಇವತ್ತು ತರಗತಿಯಲ್ಲಿ ಕಾಣುವ ಕಾರಣಗಳು ಬೇರೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಕಾಲಿನ ಜತೆ ಕೈಯೂ ಬಿಗಿದಿರಬಹುದು. ಮಾತು ತಡವರಿಸಬಹುದು, ಬುದ್ಧಿ ಚುರುಕಾಗಿಯೇ ಇರಬಹುದು. ಆ ಮಗುವಿಗೆ ರ‍್ಯಾಂಪ್ ಎಷ್ಟು ಮುಖ್ಯವೋ ಬರೆಯಲು ಹೆಚ್ಚು ಸಮಯವೂ ಅಷ್ಟೇ ಮುಖ್ಯ. ಡುಶೆನ್ ಸ್ನಾಯುಕ್ಷಯವಿರುವ ಹುಡುಗ ಒಂದನೇ ತರಗತಿಗೆ ನಡೆದೇ ಬರುತ್ತಾನೆ; ಹನ್ನೆರಡರ ಆಸುಪಾಸಿಗೆ ಬಹುತೇಕ ಹುಡುಗರು ಗಾಲಿಕುರ್ಚಿಗೆ ಬರುತ್ತಾರೆ. ಹೋದ ವರ್ಷ ಹತ್ತುತ್ತಿದ್ದ ಮೆಟ್ಟಿಲನ್ನು ಈ ವರ್ಷ ಹತ್ತದಿದ್ದರೆ ಅದು ಸೋಮಾರಿತನವಲ್ಲ ಎಂದು ಶಿಕ್ಷಕರಿಗೆ ಗೊತ್ತಿರಬೇಕು. ಬೆನ್ನುಹುರಿಯ ಜನ್ಮದೋಷವಿರುವ ಮಗುವಿಗೆ ಮೂರು–ನಾಲ್ಕು ತಾಸಿಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆಯಬೇಕಾಗಬಹುದು. ಸ್ವಚ್ಛ ಶೌಚಾಲಯವಿಲ್ಲದಿದ್ದರೆ ಆ ಮಗುವಿನ ಕಿಡ್ನಿಗೇ ಅಪಾಯ. ಎಲುಬು ಸುಲಭವಾಗಿ ಮುರಿಯುವ ಕಾಯಿಲೆಯ ಮಗುವಿಗೆ ಬಿಡುವಿನ ವೇಳೆಯ ನೂಕಾಟವೇ ಭಯ.

ಹಾಗಾಗಿ ಒಂದೇ ಅಳತೆಯ ಅನುಕೂಲ ಎಲ್ಲರಿಗೂ ಒಗ್ಗುವುದಿಲ್ಲ. ಕಾನೂನು ಇದನ್ನು ಅರ್ಥಮಾಡಿಕೊಂಡಿದೆ.

ಕಾನೂನು ಕೊಟ್ಟದ್ದು

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಡಿಸೆಂಬರಿನಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಪಾಲಕರು ನೆನಪಿಡಬೇಕಾದ ಒಂದೇ ಒಂದು ಕಲಂ ಇದ್ದರೆ ಅದು 16. ಸರ್ಕಾರದ ಅನುದಾನ ಪಡೆದ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಗೂ ಅದು ಅನ್ವಯ. ಅಂದರೆ ಸರ್ಕಾರಿ ಶಾಲೆಯಷ್ಟೇ ಪೇಟೆಯ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೂ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಕಟ್ಟಡ, ಆವರಣ, ಸೌಲಭ್ಯಗಳು ಆ ಮಗುವಿಗೆ ಬಳಸಲು ಬರುವಂತಿರಬೇಕು. ಆಟೋಟದಲ್ಲಿ ಸಮಾನ ಅವಕಾಶ ಇರಬೇಕು. ಆ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡಬೇಕು. ಸಾರಿಗೆ ವ್ಯವಸ್ಥೆಯನ್ನೂ ಒದಗಿಸಬೇಕು. ಹೆಚ್ಚಿನ ನೆರವು ಬೇಕಾದ ಮಗುವಾದರೆ ಜತೆಗೆ ಬರುವವರಿಗೂ. ಈ ಕೊನೆಯ ಮಾತನ್ನು ನಮ್ಮ ತಾಲ್ಲೂಕುಗಳಲ್ಲಿ ಯಾರೂ ಗಟ್ಟಿಯಾಗಿ ಹೇಳಿಲ್ಲ, ಹೆಚ್ಚು ಬೇಕಿರುವುದು ಮಾತ್ರ ಅದೇ.

31ನೇ ಕಲಮು ಶೇ 40ಕ್ಕಿಂತ ಕಡಿಮೆಯಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಶಾಲೆ ನೆರೆಯದೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮಗುವಿನ ಕಡೆಯದು. ಇದಕ್ಕೂ ಮೊದಲೇ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲಾ ಕಟ್ಟಡಕ್ಕೆ ಅಡೆತಡೆಯಿಲ್ಲದ ಪ್ರವೇಶ ಇರಬೇಕೆಂದು ಬರೆದಾಗಿತ್ತು. ಹಳೆಯ ಕಟ್ಟಡಗಳಿಗೆ 2016ರ ಕಾಯ್ದೆ ಐದು ವರ್ಷದ ಗಡುವು ಕೊಟ್ಟಿತು. ನಿಯಮಗಳು ಪ್ರಕಟವಾದದ್ದು 2017ರ ಜೂನ್ 15ರಂದು. ಗಡುವು 2022ರ ಜೂನ್‌ಗೇ ಮುಗಿದಿದೆ. ‘ಮುಂದಿನ ಅನುದಾನ ಬರಲಿ’ ಎನ್ನುವ ಉತ್ತರಕ್ಕೆ ಈಗ ಕಾನೂನಿನ ಆಸರೆ ಇಲ್ಲ.

ನ್ಯಾಯಾಲಯವೂ ಸುಮ್ಮನಿಲ್ಲ. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಕೊಟ್ಟ ತೀರ್ಪು ಪ್ರತಿ ಶಾಲೆಯ ಮುಖ್ಯ ಶಿಕ್ಷಕರ ಮೇಜಿನ ಮೇಲಿರಬೇಕು. ಕಟ್ಟಡದ ಸುಗಮತೆ ಬರಿಯ ಶಿಫಾರಸು ಆಗಿರಲಾರದು, ಕಡ್ಡಾಯವಾದ ಕನಿಷ್ಠ ಮಾನದಂಡ ಬೇಕು ಎಂದು ಅದು ಹೇಳಿತು. ಇನ್ನೊಂದು ಉಪಯುಕ್ತ ವ್ಯತ್ಯಾಸವನ್ನೂ ಗುರುತಿಸಿತು. ಸುಗಮ ಕಟ್ಟಡ ಎಂಬುದು ಯಾರೂ ಕೇಳುವ ಮೊದಲೇ ಇರಬೇಕಾದದ್ದು. ಅಷ್ಟಾದ ಮೇಲೂ ಒಂದು ನಿರ್ದಿಷ್ಟ ಮಗುವಿಗೆ ಬೇರೇನಾದರೂ ಬೇಕಾದರೆ ಕೇಳಿದಾಗ ಮಾಡಿಕೊಡಬೇಕಾದದ್ದು ಹೊಂದಾಣಿಕೆ. ಊರಲ್ಲಿ ಗಾಲಿಕುರ್ಚಿಯ ಮಗು ಇಲ್ಲವಲ್ಲ, ಬಂದಾಗ ನೋಡೋಣ ಎನ್ನುವ ಶಾಲೆಗೆ ಇದು ನೇರ ಉತ್ತರ. ಅದಕ್ಕೂ ಮುಂಚಿನ, 2021ರ ಫೆಬ್ರುವರಿಯ ವಿಕಾಸ್ ಕುಮಾರ್ ತೀರ್ಪು ಇಂಥ ಹೊಂದಾಣಿಕೆ ಪಡೆಯಲು ಶೇ 40ರ ಗೆರೆ ದಾಟಲೇಬೇಕೆಂದಿಲ್ಲ ಎಂದಿತು. ಪ್ರಮಾಣಪತ್ರದಲ್ಲಿ ಶೇ 30 ಎಂದು ಬರೆಸಿಕೊಂಡು ಬೇಸರದಿಂದ ಮರಳಿದ ಪಾಲಕರು ಇದನ್ನು ತಿಳಿದಿರಬೇಕು.

‘ಮನೆಯಲ್ಲೇ ಇರಲಿ ಬಿಡಿ’

ನಮ್ಮ ಕಡೆ ಬಾಯಿಬಿಟ್ಟು ‘ಸೇರಿಸಿಕೊಳ್ಳುವುದಿಲ್ಲ’ ಎನ್ನುವವರು ಕಡಿಮೆ. ನಿರಾಕರಣೆ ಇಲ್ಲಿ ಮರುಕದ ಮಾತಿನಲ್ಲಿ ಬರುತ್ತದೆ. ‘ಪಾಪ, ಯಾಕೆ ಸುಮ್ನೆ ಕಷ್ಟ ಕೊಡ್ತೀರಿ, ಮನೇಲೇ ಇರ್ಲಿ ಬಿಡಿ, ಹಾಜರಿ ನಾವು ನೋಡ್ಕೊಳ್ತೇವೆ.’ ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಅದರ ಫಲ ಕೆಟ್ಟದ್ದು. ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಮಗು ವರ್ಷವರ್ಷ ಪಾಸಾಗುತ್ತದೆ, ಏಳನೇ ತರಗತಿ ಮುಗಿದಾಗ ಕೈಯಲ್ಲೊಂದು ಟಿಸಿ ಇರುತ್ತದೆ. ಜತೆಯವರಿಲ್ಲ, ಜಗಳವಿಲ್ಲ, ಪ್ರತಿಭಾ ಕಾರಂಜಿ ಇಲ್ಲ, ಕಪ್ಪುಹಲಗೆಯ ಮುಂದೆ ನಿಂತೋ ಕೂತೋ ಲೆಕ್ಕ ಬಿಡಿಸಿದ ನೆನಪಿಲ್ಲ.

ಗೃಹಾಧಾರಿತ ಶಿಕ್ಷಣ ಎಂಬ ವ್ಯವಸ್ಥೆ ಕಾನೂನಿನಲ್ಲಿ ಇರುವುದು ನಿಜ. 2012ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಗೆ ತಿದ್ದುಪಡಿ ತಂದು ಬಹುವಿಧ ವೈಕಲ್ಯ ಮತ್ತು ತೀವ್ರ ವೈಕಲ್ಯದ ಮಕ್ಕಳಿಗೆ ಅದನ್ನು ಆರಿಸಿಕೊಳ್ಳುವ ಹಕ್ಕು ಕೊಡಲಾಯಿತು. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಅದು ವರವೇ. ಮನೆಗೆ ಬಂದು ಕಲಿಸುವ ಬಿಐಇಆರ್‌ಟಿ ಶಿಕ್ಷಕರ ಶ್ರಮ ದೊಡ್ಡದು. ಮೂರು ತಾಲ್ಲೂಕುಗಳ ಚೆಲ್ಲಾಪಿಲ್ಲಿ ಊರುಗಳಲ್ಲಿ ಅವರು ಓಡಾಡುವ ದೂರವನ್ನು ಹೊರಗಿನವರು ಊಹಿಸಲಾರರು. ನನ್ನ ತಕರಾರು ಬೇರೆ. ಆಯ್ಕೆ ಮಾಡುವವರು ಮಗು ಮತ್ತು ಪಾಲಕರು, ಶಾಲೆಯಲ್ಲ. ನಡೆಯಲಾಗದು ಎಂಬ ಒಂದೇ ಕಾರಣಕ್ಕೆ ಜಾಣ ಮಗುವನ್ನು ಮನೆಗೆ ತಳ್ಳುವುದು ಆ ತಿದ್ದುಪಡಿಯ ಉದ್ದೇಶವಲ್ಲ.

ಅಮೆರಿಕದ ಜೂಡಿ ಹ್ಯೂಮನ್ ಅವರ ಕತೆ ಇಲ್ಲಿ ಹೇಳಲೇಬೇಕು. ಪೋಲಿಯೊದಿಂದ ಗಾಲಿಕುರ್ಚಿಯಲ್ಲಿದ್ದ ಆ ಹುಡುಗಿಯನ್ನು ಐದನೇ ವಯಸ್ಸಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಶಾಲೆಯೊಂದು ಸೇರಿಸಿಕೊಳ್ಳಲಿಲ್ಲ. ಬೆಂಕಿ ಬಿದ್ದರೆ ಗಾಲಿಕುರ್ಚಿ ಅಪಾಯ ಎಂಬುದು ಕಾರಣ. ಮನೆಗೆ ಬಂದು ವಾರಕ್ಕೆ ಅಷ್ಟಿಷ್ಟು ಹೊತ್ತು ಕಲಿಸಿದರು. ತಾಯಿ ಪಟ್ಟು ಬಿಡದೆ ಕಾದಾಡಿದ ಮೇಲೆ ಒಂಬತ್ತನೇ ವರ್ಷಕ್ಕೆ ಶಾಲೆ ಸಿಕ್ಕಿತು. ಆ ಹುಡುಗಿ ಮುಂದೆ ಶಿಕ್ಷಕಿಯಾಗಲು 1970ರಲ್ಲಿ ನ್ಯೂಯಾರ್ಕಿನ ಶಿಕ್ಷಣ ಮಂಡಳಿಯ ಮೇಲೆ ಮೊಕದ್ದಮೆ ಹೂಡಿದರು, 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದಲ್ಲಿ ಧರಣಿ ಕೂತು ದೇಶದ ಕಾನೂನನ್ನೇ ಜಾರಿಗೊಳಿಸುವಂತೆ ಮಾಡಿದರು. ನಮ್ಮಲ್ಲೇ ನೋಡಿ: ಪೋಲಿಯೊದಿಂದ ಕೈಕಾಲು ಕಳೆದುಕೊಂಡ ಕೆ.ಎಸ್. ರಾಜಣ್ಣ ಕರ್ನಾಟಕದ ವಿಕಲಚೇತನರ ಆಯುಕ್ತರಾಗಿ ಕೆಲಸ ಮಾಡಿದರು, 2024ರಲ್ಲಿ ಪದ್ಮಶ್ರೀ ಪಡೆದರು. ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲೇ ಅಂತರರಾಷ್ಟ್ರೀಯ ಕ್ರೀಡಾಕೂಟಗಳಲ್ಲಿ ಪದಕ ಗೆದ್ದರು. ಇವರು ಮನೆಯಲ್ಲೇ ಇರಲಿ ಬಿಡಿ ಎಂದು ಎಲ್ಲರೂ ಒಪ್ಪಿಬಿಟ್ಟಿದ್ದರೆ?

ಜೂನ್ ತಿಂಗಳ ದಾರಿ

ಬಯಲುಸೀಮೆಯವರು ಬರೆದ ಸುಗಮತೆಯ ಪುಸ್ತಕಗಳಲ್ಲಿ ಮಳೆ ಇಲ್ಲ. ನಮ್ಮಲ್ಲಿ ಶಾಲೆಯೂ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೆ ಶುರುವಾಗುತ್ತವೆ. ಊರುಗೋಲು ಕೆಸರಿನಲ್ಲಿ ಹೂಳುತ್ತದೆ, ಕ್ಯಾಲಿಪರಿನ ಬೆಲ್ಟು ಒದ್ದೆಯಾಗಿ ಚರ್ಮ ಸುಲಿಯುತ್ತದೆ, ಗಾಲಿಕುರ್ಚಿಯ ಚಕ್ರಕ್ಕೆ ಕೆಂಪು ಮಣ್ಣು ಮೆತ್ತಿಕೊಳ್ಳುತ್ತದೆ. ಒಂದು ಕೈಯಲ್ಲಿ ಕೊಡೆ ಹಿಡಿದು ಎರಡು ಊರುಗೋಲು ಊರುವುದು ಹೇಗೆ?

ಕಾಲುಸಂಕದ ಅಪಾಯ ಎಂಥದೆಂದು 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಬಾಲಕಿಯೊಬ್ಬಳು ಶಾಲೆಯಿಂದ ಬರುವಾಗ ಕಾಲುಸಂಕದಿಂದ ಜಾರಿ ತೀರಿಕೊಂಡಾಗ ಇಡೀ ರಾಜ್ಯಕ್ಕೆ ತಿಳಿಯಿತು. ಆಕೆ ನಡೆಯಬಲ್ಲ ಮಗು. ಮಲೆನಾಡು, ಕರಾವಳಿಯ ಇಂಥ ಕಡೆಗಳಿಗೆಂದೇ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆಯನ್ನು ಸರ್ಕಾರ ರೂಪಿಸಿತು, ಹಲವೆಡೆ ಕಿರುಸೇತುವೆಗಳು ಆದವು. ಇನ್ನೂ ಆಗಬೇಕಾದವುಗಳ ಪಟ್ಟಿ ಮಾಡುವಾಗ ನಡೆಯಲಾಗದ ಮಗುವಿರುವ ಮನೆಯ ಸಂಕಕ್ಕೆ ಮೊದಲ ಸ್ಥಾನ ಸಿಗಬೇಕು. ಗಾಲಿಕುರ್ಚಿ ಹೋಗುವಷ್ಟು ಅಗಲ, ಎರಡೂ ಬದಿ ಕೈಪಿಡಿ, ತುದಿಯಲ್ಲಿ ಮೆಟ್ಟಿಲಿನ ಬದಲು ಇಳಿಜಾರು: ಅಂದಾಜುಪಟ್ಟಿ ಬರೆಯುವ ದಿನವೇ ಸೇರಿಸಿದರೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ.

ಯಲ್ಲಾಪುರದ ಒಳಭಾಗಗಳಲ್ಲಿ ಇನ್ನೊಂದು ತೊಡಕಿದೆ. ಸಿದ್ದಿ, ಗೌಳಿ, ಕುಣಬಿ ಕುಟುಂಬಗಳ ಕೇರಿಗಳಿಗೆ ಹೋಗುವ ದಾರಿ ಅರಣ್ಯ ಭೂಮಿಯಲ್ಲಿ ಹಾದುಹೋಗುತ್ತದೆ. ಕಾಂಕ್ರೀಟು ಹಾಕಲು ಹೊರಟರೆ ಆಕ್ಷೇಪಣೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಇದಕ್ಕೆ ದಾರಿ ಕೊಟ್ಟಿದೆ. ಶಾಲೆ, ಅಂಗನವಾಡಿ, ರಸ್ತೆಯಂಥ ಸೌಲಭ್ಯಗಳಿಗಾಗಿ ಪ್ರತಿ ಕಾಮಗಾರಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಳಸಲು ಅವಕಾಶವಿದೆ. ಒಂದು ಮಗುವಿನ ಹೆಸರಿನಲ್ಲಿ ಗ್ರಾಮಸಭೆಯ ಠರಾವು ಆಗಲಿ. ಆ ದಾರಿ ನಾಳೆ ಹೆರಿಗೆಗೆ ಹೊರಟ ತಾಯಿಗೂ, ಎದೆನೋವು ಬಂದ ಅಜ್ಜನಿಗೂ ಬೇಕು. 2021ರ ಜುಲೈನಲ್ಲಿ ಕಳಚೆಯ ಗುಡ್ಡ ಕುಸಿದು ದಾರಿಗಳೇ ಇಲ್ಲವಾದಾಗ, ದಾರಿ ಎಂದರೇನು ಎಂಬುದನ್ನು ಯಲ್ಲಾಪುರ ತಾಲ್ಲೂಕು ಕಂಡಿದೆ.

ರಸ್ತೆಗೆ ಬಂದ ಮೇಲೆ ಬಸ್ಸು. ವಾಯವ್ಯ ಸಾರಿಗೆಯ ಹಳ್ಳಿ ಬಸ್ಸಿನ ಮೊದಲ ಮೆಟ್ಟಿಲು ದೊಡ್ಡವರ ಮೊಣಕಾಲಿಗೆ ಬರುತ್ತದೆ. ವಿಕಲಚೇತನರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೊಮೀಟರಿನವರೆಗೆ ನಡೆಯುತ್ತದೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಯ ಪ್ರಯಾಣವೂ ಉಚಿತ. ಟಿಕೆಟಿನ ಚಿಂತೆ ತಪ್ಪಿತು, ಹತ್ತುವ ಚಿಂತೆ ಉಳಿಯಿತು. ಆದ್ದರಿಂದಲೇ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆಗಳನ್ನು ಕೇಳಿ ಪಡೆಯಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಪ್ರತಿ ಮಗುವಿಗೆ ವರ್ಷಕ್ಕೆ ₹3,500ರವರೆಗೆ ಅವಕಾಶವಿದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ ₹200ರಂತೆ ಹತ್ತು ತಿಂಗಳು ಪ್ರೋತ್ಸಾಹಧನವಿದೆ. ಆಟೊದವನಿಗೆ ತಿಂಗಳ ಬಾಡಿಗೆ ಕೊಡಲು ಇದು ಸಾಲದು. ಅದನ್ನು ಸಾಲದು ಎಂದು ಹೇಳಲೂ ಬೇಕು.

ಕಟ್ಟಡದ ಒಳಗೆ

ರ‍್ಯಾಂಪಿನ ಲೆಕ್ಕ ಸುಲಭ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಮಲೆನಾಡಿನ ಹಳೆಯ ಶಾಲೆಗಳ ತಳಪಾಯ ಮಳೆನೀರಿಗೆ ಹೆದರಿ ಎತ್ತರಿಸಿದ್ದು. ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲೆಂದರೆ 45 ಸೆಂಟಿಮೀಟರ್; ಅದಕ್ಕೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಕನಿಷ್ಠ 1.2 ಮೀಟರ್ ಅಗಲ, ಮಕ್ಕಳಿಗೂ ದೊಡ್ಡವರಿಗೂ ಸಿಗುವಂತೆ ಎರಡು ಎತ್ತರದಲ್ಲಿ ಕೈಪಿಡಿ. ಗುತ್ತಿಗೆದಾರನಿಗೆ ಅಷ್ಟು ಉದ್ದ ದಂಡ ಅನ್ನಿಸುತ್ತದೆ, ಎರಡು ಮೀಟರಿನಲ್ಲಿ ಮುಗಿಸುತ್ತಾನೆ. ಹಾಗೆ ಕಟ್ಟಿದ್ದು ಮಧ್ಯಾಹ್ನದ ಬಿಸಿಯೂಟದ ಸಿಲಿಂಡರ್ ಉರುಳಿಸಲು ಬಂದೀತು, ಗಾಲಿಕುರ್ಚಿ ಹತ್ತಿಸಲು ಬರದು. ಇಳಿಸುವಾಗ ಮಗು ಮುಖ ಅಡಿಯಾಗಿ ಬೀಳುತ್ತದೆ.

ಸರಿಯಾಗಿ ಕಟ್ಟಿದ ರ‍್ಯಾಂಪ್ ಕೂಡ ಆಷಾಢದಲ್ಲಿ ಹಾವಸೆ ಕಟ್ಟುತ್ತದೆ. ಅಂಗಳ ಜಾರದಿರಲೆಂದು ಮನೆಗಳಲ್ಲಿ ಸೋಗೆ ಹಾಸುತ್ತೇವೆ, ಓಡಾಡುವ ಕಡೆ ಅಡಿಕೆ ದಬ್ಬೆ ಹಾಕುತ್ತೇವೆ. ಅದೇ ತಿಳಿವಳಿಕೆ ಶಾಲೆಗೂ ಬೇಕು. ರ‍್ಯಾಂಪಿನ ಮೈ ನುಣುಪು ಸಿಮೆಂಟಿನದೋ ಟೈಲ್ಸಿನದೋ ಆಗಿರಬಾರದು, ಕಡ್ಡಿಪೊರಕೆಯಲ್ಲಿ ಗೀರೆಳೆದು ಒರಟು ಮಾಡಿರಬೇಕು. ಮೇಲೆ ತಗಡಿನ ಮಾಡು ಇರಬೇಕು. ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಬೇಕು. ಇದನ್ನು ಎಸ್‌ಡಿಎಂಸಿಯವರು ತಾವಾಗಿ ಮಾಡಬಲ್ಲರು.

ಶೌಚಾಲಯದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಶಾಲೆಯಲ್ಲಿ ಹೋಗಲು ಆಗುವುದಿಲ್ಲವೆಂದು ಬೆಳಿಗ್ಗೆ ಎದ್ದಾಗಿನಿಂದ ನೀರೇ ಕುಡಿಯದ ಹುಡುಗಿಯರಿದ್ದಾರೆ. ಮಧ್ಯಾಹ್ನ ಬಿಸಿಯೂಟ ಬಿಡುತ್ತಾರೆ. ಐದನೇ ತರಗತಿ ದಾಟಿ ಮುಟ್ಟು ಶುರುವಾದ ಮೇಲೆ ತಿಂಗಳಲ್ಲಿ ಕೆಲವು ದಿನ ಮನೆ, ಆಮೇಲೆ ಎಲ್ಲ ದಿನವೂ ಮನೆ. ಇದನ್ನು ತಡೆಯಲು ಬೇಕಿರುವುದು ಸುಮಾರು ಎರಡು ಮೀಟರ್ ಚೌಕದ ಒಂದು ಕೋಣೆ, ಹೊರಗೆ ತೆರೆಯುವ 90 ಸೆಂಟಿಮೀಟರ್ ಅಗಲದ ಬಾಗಿಲು, ಕೂರುವ ಕಮೋಡು, ಗೋಡೆಗೆ ಹಿಡಿಕೆ, ಕೈಗೆಟುಕುವ ನಲ್ಲಿ, ಅಲ್ಲಿಯವರೆಗೆ ಮೆಟ್ಟಿಲಿಲ್ಲದ ಹಾದಿ. ಶಾಲೆಯ ಹಿಂದಿನ ದಿಬ್ಬದ ಮೇಲೆ ಕಟ್ಟಿದ ಶೌಚಾಲಯಕ್ಕೆ ‘ವಿಶೇಷ ಮಕ್ಕಳಿಗೆ’ ಎಂದು ಬೋರ್ಡು ಬರೆದರೆ ಪ್ರಯೋಜನವಿಲ್ಲ. ಬೀಗ ಹಾಕಿ ಕೀಲಿಕೈಯನ್ನು ಕಚೇರಿಯಲ್ಲಿ ಇಟ್ಟುಕೊಳ್ಳುವುದಂತೂ ಅನ್ಯಾಯ. ಜತೆಗೆ ಹೋಗಲು ಒಬ್ಬ ಆಯಾ ಬೇಕು. ಸಹಪಾಠಿಗಳ ಮೇಲೆ ಆ ಹೊಣೆ ಹಾಕಬಾರದು.

ಹಣವೇ ಬೇಡದ ಅನುಕೂಲಗಳೂ ಬೇಕಾದಷ್ಟಿವೆ. ಮಗುವಿನ ತರಗತಿಯನ್ನು ಕೆಳಮಹಡಿಗೆ ತರುವುದು. ಪುಸ್ತಕದ ಇನ್ನೊಂದು ಸೆಟ್ಟನ್ನು ಶಾಲೆಯಲ್ಲೇ ಇಡುವುದು. ಪ್ರಾರ್ಥನೆಯ ಸಾಲನ್ನು ಮಳೆಯಲ್ಲದ ದಿನವೂ ಜಗುಲಿಯ ಬಳಿ ನಿಲ್ಲಿಸುವುದು. ಒಂದರಿಂದ ಮೂರನೇ ತರಗತಿಯ ನಲಿ–ಕಲಿಯಲ್ಲಿ ಮಕ್ಕಳು ನೆಲದಲ್ಲಿ ಕೂತು ಗುಂಪಿನಿಂದ ಗುಂಪಿಗೆ ಹೋಗುತ್ತಾರೆ. ಕಾಲು ಮಡಚಲಾಗದ ಮಗುವಿಗೆ ಒಂದು ಕುರ್ಚಿ–ಮೇಜು ಕೊಟ್ಟು, ಮಗು ಗುಂಪಿಗೆ ಹೋಗುವ ಬದಲು ಗುಂಪೇ ಆ ಮೇಜಿನ ಸುತ್ತ ಬರುವಂತೆ ಮಾಡಬಹುದು. ಆದರೆ ಮೇಜನ್ನು ಮೂಲೆಗೆ ಹಾಕಬಾರದು. ಆಟದ ಪಿರಿಯಡ್ಡಿನಲ್ಲಿ ಚೀಲ ಕಾಯುವ ಕೆಲಸ ಕೊಡಬಾರದು. ಪ್ರವಾಸದ ದಿನ ‘ನೀನು ಬೇಡ’ ಎನ್ನಬಾರದು. ಬನವಾಸಿಯ ದೇವಸ್ಥಾನದ ಅಂಗಳ ನೋಡಲು ಎಲ್ಲರಂತೆ ಆ ಮಗುವಿಗೂ ಆಸೆಯಿದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತಯಾರಿ ಒಂಬತ್ತನೇ ತರಗತಿಯಲ್ಲೇ ಆಗಬೇಕು. ಕೇಂದ್ರ ಸರ್ಕಾರದ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಹೇಳುತ್ತದೆ, ಅಂದರೆ ಮೂರು ತಾಸಿನ ಪತ್ರಿಕೆಗೆ ಒಂದು ತಾಸು. ಬರೆಯಲಾಗದವರಿಗೆ ಲಿಪಿಕಾರರ ನೆರವು. ರಾಜ್ಯದ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ದಾಖಲೆ ಹೋಗಬೇಕಾದದ್ದು ಶಾಲೆಯ ಮೂಲಕ. ಪರೀಕ್ಷೆಯ ವಾರದಲ್ಲಿ ಓಡಾಡಿದರೆ ಕೈಗೂಡುವುದಿಲ್ಲ. ಪರೀಕ್ಷಾ ಕೊಠಡಿ ನೆಲಮಹಡಿಯಲ್ಲಿರಲಿ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಿಬಿಡಿ.

ಕಾಗದದಲ್ಲಿ ಕೇಳಿ

ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನ ಉತ್ತರ ಸಿಗುತ್ತದೆ. ಮುಖ್ಯ ಶಿಕ್ಷಕರು ಪರಿಚಯದವರು, ಸಿಆರ್‌ಪಿ ದೂರದ ನೆಂಟರು, ಅರ್ಜಿ ಕೊಟ್ಟರೆ ಬೇಸರವಾದೀತು ಎಂಬ ಸಂಕೋಚ ನಮ್ಮ ಊರುಗಳಲ್ಲಿ ಬಲವಾಗಿದೆ. ಆದರೆ ಲಿಖಿತ ಅರ್ಜಿ ಮುಖ್ಯ ಶಿಕ್ಷಕರಿಗೂ ಸಹಾಯವೇ. ಅದಿಲ್ಲದೆ ಅವರು ಮೇಲಿನವರಲ್ಲಿ ಅನುದಾನ ಕೇಳುವುದಾದರೂ ಯಾವ ಆಧಾರದಿಂದ?

ಮೊದಲು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಮಾಡಿಸಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಊರಲ್ಲಿ ವಿಆರ್‌ಡಬ್ಲ್ಯೂ ಎಂದೇ ಗೊತ್ತಿರುವವರು, ಅರ್ಜಿ ತುಂಬಿಕೊಡುತ್ತಾರೆ. ಆಮೇಲೆ ಮುಖ್ಯ ಶಿಕ್ಷಕರ ಹೆಸರಿಗೆ ಒಂದು ಪುಟ ಸಾಕು: ‘ನನ್ನ ಮಗಳು ಬರುವ ವರ್ಷ ಮೂರನೇ ತರಗತಿಗೆ ಬರುತ್ತಾಳೆ. ಸೆರೆಬ್ರಲ್ ಪಾಲ್ಸಿಯಿಂದಾಗಿ ನಡೆಯಲಾರಳು, ಬರೆಯುವುದು ನಿಧಾನ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 16ನೇ ಕಲಮಿನಂತೆ ನೆಲಮಹಡಿಯ ತರಗತಿ, ಕೈಪಿಡಿಯಿರುವ ರ‍್ಯಾಂಪ್, ಬಳಸಬಹುದಾದ ಶೌಚಾಲಯ, ಸೂಕ್ತ ಎತ್ತರದ ಮೇಜು, ಬರೆಯಲು ಹೆಚ್ಚಿನ ಸಮಯ ಹಾಗೂ ಮನೆಯಿಂದ ಶಾಲೆಗೆ ಸಾರಿಗೆ ಒದಗಿಸಬೇಕಾಗಿ ಕೋರುತ್ತೇನೆ.’ ವೈದ್ಯರ ಚೀಟಿ ಲಗತ್ತಿಸಿ. ಬಿಇಒ ಕಚೇರಿಗೂ ಬಿಆರ್‌ಸಿಗೂ ಪ್ರತಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸದೆ ಹೊರಡಬೇಡಿ.

ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಶಾಲೆಯ ವಿಷಯಕ್ಕೆ ಉಪನಿರ್ದೇಶಕರು ಶಿರಸಿಯಲ್ಲೇ ಸಿಗುತ್ತಾರೆ. ಮೂರೂ ತಾಲ್ಲೂಕಿನವರಿಗೆ ಇದು ಅನುಕೂಲ. ಆದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿ ಕಾರವಾರದಲ್ಲಿ, ಶಿರಸಿಯಿಂದ ನೂರು ಕಿಲೊಮೀಟರಿಗೂ ದೂರ. ಗಾಲಿಕುರ್ಚಿ ಒಂದು ಇಲಾಖೆಯದು, ಅದು ಹತ್ತಬೇಕಾದ ರ‍್ಯಾಂಪ್ ಇನ್ನೊಂದು ಇಲಾಖೆಯದು, ಅಲ್ಲಿಗೆ ಬರುವ ದಾರಿ ಪಂಚಾಯಿತಿಯದು. ಕಡತ ಈ ಮೂರರ ನಡುವೆ ಬಿದ್ದುಹೋಗದಂತೆ ಪ್ರತಿ ಅರ್ಜಿಯ ಪ್ರತಿಯನ್ನು ಮೂವರಿಗೂ ಕಳಿಸಬೇಕು. ಪಂಚಾಯಿತಿ ತನ್ನ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು ಎಂಬ ನಿಯಮ ಕರ್ನಾಟಕದಲ್ಲಿದೆ. ಗ್ರಾಮಸಭೆಯಲ್ಲಿ ಎದ್ದು ಅದರ ಲೆಕ್ಕ ಕೇಳಿ.

ಉತ್ತರ ಬಾರದಿದ್ದರೆ ಜಿಲ್ಲಾ ಮಟ್ಟದ ಸಮಿತಿ ಇದೆ. ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರಿಗೂ ಸಾದಾ ಕಾಗದದಲ್ಲಿ ದೂರು ಬರೆಯಬಹುದು. ಅವರಿಗೆ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳಿವೆ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ ₹10,000ವರೆಗೆ, ಮತ್ತೆ ಉಲ್ಲಂಘಿಸಿದರೆ ₹50,000ದಿಂದ ₹5 ಲಕ್ಷದವರೆಗೆ ದಂಡ.

ಇನ್ನೊಂದು ಆತಂಕವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮಕ್ಕಳ ಸಂಖ್ಯೆ ಕುಸಿದು ನಮ್ಮ ಊರ ಶಾಲೆಗಳನ್ನು ದೊಡ್ಡ ಶಾಲೆಗಳ ಜತೆ ಸೇರಿಸುವ ಮಾತು ನಡೆಯುತ್ತಲೇ ಇದೆ. ಒಳ್ಳೆಯ ಕಟ್ಟಡ, ಹೆಚ್ಚು ಶಿಕ್ಷಕರು ಸಿಗುತ್ತಾರೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಒಂದು ಕಿಲೊಮೀಟರ್ ದೂರದ ಶಾಲೆ ಆರು ಕಿಲೊಮೀಟರಿಗೆ ಹೋದರೆ ಮೊದಲು ಶಾಲೆ ಬಿಡುವ ಮಗು ಯಾವುದು? ಯಾವುದೇ ಶಾಲೆಯನ್ನು ವಿಲೀನ ಮಾಡುವ ಮೊದಲು ಆ ವ್ಯಾಪ್ತಿಯ ವಿಕಲಚೇತನ ಮಕ್ಕಳ ಮನೆ ಬಾಗಿಲಿಗೆ ವಾಹನ ಬರುವ ವ್ಯವಸ್ಥೆ ಲಿಖಿತವಾಗಿ ಆಗಬೇಕು. ಆಗದಿದ್ದರೆ ವಿಲೀನ ಆಗಬಾರದು.

ಪ್ರತಿ ಶಾಲೆ ವರ್ಷವರ್ಷ ಯುಡೈಸ್ ನಮೂನೆಯಲ್ಲಿ ರ‍್ಯಾಂಪ್ ಇದೆಯೇ, ಕೈಪಿಡಿ ಇದೆಯೇ, ವಿಶೇಷ ಅಗತ್ಯದ ಮಕ್ಕಳಿಗೆ ಶೌಚಾಲಯ ಇದೆಯೇ ಎಂದು ತುಂಬಿ ಕಳಿಸುತ್ತದೆ. ನಿಮ್ಮೂರ ಶಾಲೆ ಏನು ಬರೆದಿದೆ ಎಂದು ನೋಡಿ. ಬರುವ ಎಸ್‌ಡಿಎಂಸಿ ಸಭೆಗೆ ಒಂದು ಅಳತೆ ಟೇಪು ಒಯ್ಯಿರಿ. ರ‍್ಯಾಂಪಿನ ಎತ್ತರ, ಉದ್ದ, ಶೌಚಾಲಯದ ಬಾಗಿಲಿನ ಅಗಲ ಅಳೆದು ನಡಾವಳಿ ಪುಸ್ತಕದಲ್ಲಿ ಬರೆಸಿರಿ. ಅಳತೆ ತಪ್ಪಿದ್ದರೆ ನಡಾವಳಿಯ ಪ್ರತಿಯನ್ನು ಬೇಸಿಗೆ ರಜೆಗೆ ಮುಂಚೆಯೇ ಬಿಇಒ ಅವರಿಗೆ ಕಳಿಸಿರಿ. ಮಳೆ ಹಿಡಿದ ಮೇಲೆ ನಮ್ಮ ಕಡೆ ಸಿಮೆಂಟಿನ ಕೆಲಸ ಅಕ್ಟೋಬರಿನವರೆಗೆ ಆಗುವುದಿಲ್ಲ.